ಟೀವಿಯಲ್ಲಿ ಕಾಣದ ಕಥ್ಬರ್ಟ್

ಕಥ್ಬರ್ಟ್ ಸೋಮಾರಿ. ಸುಳ್ಳು ಹೇಳುವುದೊಂದನ್ನು ಬಿಟ್ಟರೆ ಬೇರೆ ಯಾವ ಕೆಲಸಕ್ಕೂ ಮೈ ಬಗ್ಗಿಸಿದವನಲ್ಲ. ಸುಳ್ಳನ್ನೂ ಜೋಲಿಯಲ್ಲಿ ಮಲಗಿಕೊಂಡೇ ಹೇಳುತ್ತಿದ್ದ. ಇದು ಬಾರ್ಟಿಕಾ ಊರಿಗೆಲ್ಲ ಗೊತ್ತಿತ್ತು. ಅವನ ಹೆಂಡತಿ ಇಸ್ಮೇಗೆ ಊರಿಗಿಂತ ಮೊದಲೇ ಗೊತ್ತಾಗಿತ್ತು.

ಇಸ್ಮೇ: ಮುಖ ಅಂದರೆ ಮುಖ. ಕಣ್ಣು, ಮೂಗು, ಬಾಯಿ. ಹೋದ ವಾರ ತೋರಿಸಿದೆಯಲ್ಲ, ಆ ಥರ ಮೊಣಕೈ ಅಲ್ಲ.

ಕಥ್ಬರ್ಟ್: ಆ ಮೊಣಕೈ ನನ್ನದೇ ಕಣೆ!

ಸುಖದೇವ್: ಅದು ಮರದ ಬೇರು ಅಣ್ಣ. ಪಾಚಿ ಕಟ್ಟಿತ್ತು.

ಕಥ್ಬರ್ಟ್: ಕಾಡಲ್ಲಿದ್ದರೆ ಯಾರ ಮೊಣಕೈಗಾದರೂ ಪಾಚಿ ಕಟ್ಟುತ್ತೆ.

ಇಸ್ಮೇ: ನಿನ್ನದಕ್ಕೆ ಊರಲ್ಲೇ ಕಟ್ಟುತ್ತೆ.

ಭಾನುವಾರ ಮಧ್ಯಾಹ್ನ. ಚರ್ಚ್ ಮುಗಿದಿದೆ, ಆದರೆ ಅಡುಗೆಮನೆಯಲ್ಲಿ ಒಲೆ ಹಚ್ಚಿಲ್ಲ. ಪಾತ್ರೆ, ಸೌಟು, ಇಸ್ಮೇಯ ಉಡುಪು ಎಲ್ಲವೂ ಬಾಗಿಲ ಬಳಿಯ ರಟ್ಟಿನ ಪೆಟ್ಟಿಗೆಯೊಳಗೆ ಸೇರಿವೆ. ಪೆಟ್ಟಿಗೆಯ ಮೇಲೆ ಬಿಳಿ ಹುರಿದಾರದ ಬಿಗಿ ಗಂಟು. ನದಿಯಲ್ಲಿ ದೋಣಿ ಓಡಿಸುವ ಪಕ್ಕದ ಮನೆಯ ಸುಖದೇವ್ ವಾಡಿಕೆಯಂತೆ ಊಟಕ್ಕೆಂದು ಬಂದವನು ಜಗಳಕ್ಕೆ ಸಿಕ್ಕಿಕೊಂಡು ಟೀವಿಯ ಮುಂದೆ ಕೂತಿದ್ದಾನೆ.

ಜಗಳದ ಮೂಲ ಇಷ್ಟು. ಬೇಸಿಗೆಯಿಡೀ ಕಥ್ಬರ್ಟ್ ಮನೆಯಲ್ಲಿರಲಿಲ್ಲ. ಅಮೆರಿಕದಿಂದ ಮೂವರು ಹವ್ಯಾಸಿಗಳು ನಮ್ಮ ಕಾಡಿಗೆ ಬಂಗಾರ ಅಗೆಯಲು ಬಂದಿದ್ದಾರೆ, ಟೀವಿಯವರು ಅದರ ಚಿತ್ರ ತೆಗೆಯುತ್ತಾರೆ, ತಾನು ಅವರಿಗೆ ಮುಖ್ಯ ಸಲಹೆಗಾರ ಎಂದು ಹೇಳಿ ಹೋಗಿದ್ದ. ಊರು ಬೇರೆ ಹೇಳಿತು. ಅವನು ಮಹ್ದಿಯಾ ಎಂಬ ಗಣಿ ಊರಲ್ಲಿ, ರಮ್ ಅಂಗಡಿ ಇಟ್ಟಿರುವ ವೆಲ್ಡಾ ಎಂಬಾಕೆಯ ಜಗಲಿಯಲ್ಲಿ ಕಾಲು ಚಾಚಿಕೊಂಡಿದ್ದನಂತೆ. ಈಗ ‘ಹಸಿರು ನರಕ, ಹಳದಿ ಭಾಗ್ಯ’ ಎಂಬ ಆ ಕಾರ್ಯಕ್ರಮ ಬಾರ್ಟಿಕಾದ ಟೀವಿಗೂ ಬಂದಿದೆ. ಇವತ್ತು ಕೊನೆಯ ಕಂತು. ಇದರಲ್ಲೂ ಕಥ್ಬರ್ಟನ ಮುಖ ಕಾಣದಿದ್ದರೆ ನಾಳೆ ಬೆಳಗ್ಗೆ ಇಸ್ಮೇ ಸುಖದೇವನ ದೋಣಿ ಹತ್ತಿ ಲಿಂಡನ್ ಊರಲ್ಲಿರುವ ತಂಗಿಯ ಮನೆಗೆ ಹೊರಡುತ್ತಾಳೆ.

ಟೀವಿಯಲ್ಲಿ ಟಕರ್ ಕಾಣಿಸಿಕೊಂಡ. ಮೂವರಲ್ಲಿ ಅವನೇ ನಾಯಕ. ಸ್ವಂತ ಊರಲ್ಲಿ ಟೈರ್ ಮಾರುವವನು. ಹೊಚ್ಚ ಹೊಸ ಬೂಟು ಹಾಕಿಕೊಂಡು, ದನಿ ತಗ್ಗಿಸಿ, ಈ ನೆಲಕ್ಕೆ ಇದುವರೆಗೆ ಮನುಷ್ಯನ ಪಾದ ಸೋಕಿಲ್ಲ ಎಂದ.

ಇಸ್ಮೇ: ಹಾಗಾದರೆ ಕ್ಯಾಮೆರಾ ಹಿಡಿದವನೇನು ಬಾವಲಿ ಥರ ನೇತಾಡ್ತಿದಾನಾ?

ಸುಖದೇವ್: ಅಕ್ಕ, ಆ ಗುಂಡಿ ನೋಡು! ನಮ್ಮಪ್ಪ ಅಗೆದ ಗುಂಡಿ ಅದು. ಅದಕ್ಕೆ ಮುಂಚೆ ನಮ್ಮಜ್ಜ ಅಗೆದಿದ್ದ.

ಕಥ್ಬರ್ಟ್: ಅದಕ್ಕೇ ಕಣೋ ನನ್ನನ್ನ ತೋರಿಸದೇ ಇರೋದು! ಮನುಷ್ಯರೇ ಇಲ್ಲದ ಕಾಡು ಅಂದಮೇಲೆ ನಾನು ಕಂಡರೆ ಹೇಗೆ? ಡೈರೆಕ್ಟರಮ್ಮ ಪ್ರತಿ ಸಲ ಕೂಗೋಳು, ‘ಕಥ್ಬರ್ಟ್, ಮರದ ಹಿಂದೆ!’ ಅಂತ.

ಇಸ್ಮೇ: ಮುಖ್ಯ ಸಲಹೆಗಾರನನ್ನ ಮರದ ಹಿಂದೆ ನಿಲ್ಲಿಸ್ತಾರಾ?

ಕಥ್ಬರ್ಟ್: ಸಲಹೆ ಮರದ ಹಿಂದಿನಿಂದಲೇ ಕೊಡ್ತಿದ್ದೆ.

ಇಸ್ಮೇ: ಅದಿರಲಿ. ಡೈರೆಕ್ಟರಮ್ಮ ಅಂದೆಯಲ್ಲ, ಅವಳು ಯಾವಳು? ಹೆಂಗಸು ಅಂತ ನೀನು ಹೇಳಿರಲಿಲ್ಲ.

ಸುಖದೇವ್: ಅಣ್ಣ, ಒಬ್ಬ ಹೆಂಗಸಿನಿಂದ ಪಾರಾಗೋಕೆ ಇನ್ನೊಬ್ಬಳನ್ನ ತಂದುಬಿಟ್ಟೆಯಲ್ಲ.

ಅಷ್ಟರಲ್ಲಿ ಟಕರ್ ಕೆಸರಿನಲ್ಲಿ ಸೊಂಟದವರೆಗೆ ಹೂತುಹೋದ. ಸಂಗೀತ ಜೋರಾಯಿತು. ಸಾವು ಬದುಕಿನ ಪ್ರಶ್ನೆ ಎಂದು ಟೀವಿಯ ಧ್ವನಿ ಹೇಳಿತು. ಪರದೆಯ ಅಂಚಿನಿಂದ ಒಂದು ಕೋಲು ತೂರಿಬಂತು; ಟಕರ್ ಅದನ್ನು ಹಿಡಿದು ಮೇಲೆ ಬಂದು, ನನ್ನ ಛಲವೇ ನನ್ನನ್ನು ಉಳಿಸಿತು ಎಂದ.

ಕಥ್ಬರ್ಟ್: ನಾನೇ! ಆ ಕೋಲಿನ ಈ ತುದಿಯಲ್ಲಿ ನಾನೇ ಇರೋದು!

ಇಸ್ಮೇ: ನನಗೆ ಕಾಣ್ತಿರೋದು ಕೋಲು. ನಾನು ಕೋಲನ್ನ ಮದುವೆ ಆಗಿಲ್ಲ.

ಸುಖದೇವ್: ಆಗಿದ್ದರೆ ಕೆಲಸಕ್ಕಾದರೂ ಬರ್ತಿತ್ತು ಅಕ್ಕ.

ಕಥ್ಬರ್ಟ್: ಊಟಕ್ಕೆ ಬಂದವನು ಊಟದ ಮಾತಾಡೋ.

ಸುಖದೇವ್: ಊಟ ಎಲ್ಲಿದೆ ಅಣ್ಣ? ಪೆಟ್ಟಿಗೆಯಲ್ಲಿದೆ.

ಪರದೆ ಕಪ್ಪಾಯಿತು. ಕಾಡಿನ ರಾತ್ರಿ. ಡೇರೆಯೊಳಗೆ ಟಕರ್ ಕಣ್ಣರಳಿಸಿ ಕೂತಿದ್ದಾನೆ. ಹೊರಗಿನಿಂದ ಗರಗಸ ಎಳೆದಂತೆ ಗುರ್ ಗುರ್ ಸದ್ದು. ನಡುವೆ ಒಂದು ಸಿಳ್ಳೆ. ಮತ್ತೆ ಗುರ್ ಗುರ್. ಜಾಗ್ವಾರ್ ಹುಲಿ, ಎಂದು ಟಕರ್ ಉಸಿರಲ್ಲೇ ಹೇಳಿದ.

ಇಸ್ಮೇ ಮುಂದಕ್ಕೆ ಬಾಗಿದಳು.

ಕಥ್ಬರ್ಟ್: ನೋಡಿದೆಯಾ! ಕೇಳಿಸಿತಾ! ಈಗ ಹೇಳು!

ಸುಖದೇವ್: ಹುಲಿ ಕಣಣ್ಣ. ಅವನೇ ಹೇಳಿದನಲ್ಲ.

ಕಥ್ಬರ್ಟ್: ಹುಲಿ ನಡುವೆ ಸಿಳ್ಳೆ ಹೊಡೆಯುತ್ತೇನೋ? ಅದು ನನ್ನ ಗೊರಕೆ! ಇಸ್ಮೇ, ನಿಜ ಹೇಳು, ಈ ಗೊರಕೆ ನಿನಗೆ ಗುರುತಿಲ್ವಾ?

ಇಸ್ಮೇ: ಗುರುತಿಲ್ಲದೆ ಏನು. ಹಾಳು ಗೊರಕೆ ನಿನ್ನದೇ.

ಕಥ್ಬರ್ಟ್: ಹಾ! ಮುಗೀತಲ್ಲ! ಪೆಟ್ಟಿಗೆ ಬಿಚ್ಚು!

ಇಸ್ಮೇ: ಗೊರಕೆ ನಿನ್ನದು. ಅದರ ಧ್ವನಿಯನ್ನ ಯಾವ ಜಗಲಿಯಲ್ಲಿ ಹಿಡಿದರೋ ಯಾರಿಗೆ ಗೊತ್ತು? ವೆಲ್ಡಾ ಮನೆ ಪಕ್ಕದಲ್ಲೂ ಕಾಡಿದೆ.

ಕಥ್ಬರ್ಟ್ ಜೋಲಿಗೆ ಒರಗಿದ. ಸುಖದೇವ್ ಅಡುಗೆಮನೆಯ ಕಡೆ ನೋಡಿ ನಿಟ್ಟುಸಿರು ಬಿಟ್ಟ. ಟೀವಿಯಲ್ಲಿ ಬೆಳಗಾಗಿತ್ತು. ಟಕರ್ ಹೊಳೆಯಲ್ಲಿ ಮಂಡಿಯೂರಿ ತಟ್ಟೆಯಲ್ಲಿ ಮರಳು ಜಾಲಿಸುತ್ತಿದ್ದ. ತಟ್ಟೆ ಫಳ್ಳನೆ ಹೊಳೆಯಿತು. ಟಕರನ ತಂಡದ ಮೂವರೂ ಚೀರಿದರು, ಒಬ್ಬರನ್ನೊಬ್ಬರು ಅಪ್ಪಿಕೊಂಡರು, ಅತ್ತರು. ಅವರಲ್ಲೊಬ್ಬ ತೀರಿಹೋದ ತನ್ನ ತಂದೆಯನ್ನು ನೆನೆದ.

ಇಸ್ಮೇ: ಕಾಗೆಬಂಗಾರ. ಟೋಪಿ ನೆರಳಲ್ಲಿ ಹಿಡಿದು ನೋಡೋ ದಡ್ಡ! ಬಂಗಾರ ಆದರೆ ನೆರಳಲ್ಲೂ ಹೊಳೆಯುತ್ತೆ.

ಕಥ್ಬರ್ಟ್: ನಾನು ಮರದ ಹಿಂದಿನಿಂದ ಅದನ್ನೇ ಕೂಗಿ ಹೇಳಿದೆ. ‘ಮೊದಲು ಅಳು ಮುಗೀಲಿ, ಆಮೇಲೆ ಹೇಳು’ ಅಂದಳು ಡೈರೆಕ್ಟರಮ್ಮ.

ಇಸ್ಮೇ: ಅಪ್ಪನ ಹೆಸರು ಹೇಳಿ ಹೊಳಪು ಕಲ್ಲಿಗೆ ಅಳ್ತಾನಲ್ಲ, ಆ ಅಪ್ಪ ಇದ್ದಿದ್ದರೆ ಕಪಾಳಕ್ಕೆ ಬಾರಿಸ್ತಿದ್ದ.

ಸುಖದೇವ್: ನೆರಳಲ್ಲಿ ಹಿಡಿದು ನೋಡೋದು ಒಳ್ಳೇ ಉಪಾಯ ಅಕ್ಕ.

ಇಸ್ಮೇ: ನಮ್ಮಪ್ಪ ಕಲಿಸಿದ್ದು. ಇವನನ್ನೂ ಹಾಗೇ ನೋಡಬೇಕಿತ್ತು. ಚರ್ಚಿನ ಬಾಗಿಲಲ್ಲಿ, ಬಿಸಿಲಲ್ಲಿ ನೋಡಿಬಿಟ್ಟೆ.

ಕಂತು ಮುಗಿಯುತ್ತ ಬಂದಿತ್ತು. ಟಕರ್ ಬೆಂಕಿಯ ಮುಂದೆ ಕೂತು ಕ್ಯಾಮೆರಾದ ಕಡೆ ತಿರುಗಿದ. ತಂದಿದ್ದ ಆಹಾರವೆಲ್ಲ ಮುಗಿದು ಬಹಳ ಕಾಲವಾಯಿತು; ಬೇರು, ಸೊಪ್ಪು, ಕಾಡು ಕೊಟ್ಟದ್ದೇ ನಮ್ಮ ಊಟ ಎಂದ.

ಇಸ್ಮೇ: ಹಸಿವಿನಿಂದ ಸಾಯ್ತಿರೋನ ಕೆನ್ನೆ ನೋಡು. ಮೊದಲ ಕಂತಿನಲ್ಲಿ ದವಡೆ ಮೂಳೆ ಕಾಣ್ತಿತ್ತು. ಈಗ ಹಂದಿಮರಿ ಆಗಿದಾನೆ. ಬೇರು ತಿಂದು ಯಾರಾದರೂ ಹೀಗೆ ಊದ್ತಾರಾ?

ಕಥ್ಬರ್ಟ್: ಇಸ್ಮೇ, ಟೀವಿ ಆರಿಸಿಬಿಡು. ಇನ್ನೇನೂ ಇಲ್ಲ ಅದರಲ್ಲಿ.

ಇಸ್ಮೇ: ಇಷ್ಟು ಹೊತ್ತೂ ನೋಡು ನೋಡು ಅಂದವನಿಗೆ ಈಗೇನಾಯ್ತು?

ಟಕರನ ಬೆನ್ನ ಹಿಂದೆ, ಮಸುಕಾಗಿ, ಕಲ್ಲಿನ ಮೇಲೆ ಒಂದು ಪಾತ್ರೆ ಕುದಿಯುತ್ತಿತ್ತು. ಮುಚ್ಚಳ ಓರೆಯಾಗಿತ್ತು. ಒಳಗೆ ಮರಗೆಣಸಿನ ಕಪ್ಪು ರಸದಲ್ಲಿ ಮಾಂಸ ಗುಳುಗುಳು ಎನ್ನುತ್ತಿತ್ತು. ಇಸ್ಮೇ ಎದ್ದು ಟೀವಿಯ ಹತ್ತಿರ ಹೋದಳು.

ಇಸ್ಮೇ: ದಾರ!

ಸುಖದೇವ್: ಎಲ್ಲಿ ಅಕ್ಕ? ಹಾವಾ?

ಇಸ್ಮೇ: ಪಾತ್ರೆಯ ಕಿವಿ ನೋಡು. ಎರಡು ಸುತ್ತು, ಒಂದು ಗಂಟು. ಮೆಣಸಿನಕಾಯಿಗೆ ದಾರ ಕಟ್ಟಿ ಒಳಗೆ ಇಳಿಬಿಟ್ಟಿದಾರೆ!

ಈ ಮಾಂಸದ ಸಾರಿಗೆ ಮೆಣಸಿನಕಾಯಿಯನ್ನು ಇಡಿಯಾಗಿ ಹಾಕಬೇಕು. ಅದರ ಪರಿಮಳ ಮಾತ್ರ ಬೇಕು. ಒಡೆದರೆ ಪಾತ್ರೆಯೆಲ್ಲ ಬೆಂಕಿ. ಊರವರೆಲ್ಲ ಸೌಟಿನಿಂದ ಅದನ್ನು ಹುಡುಕುತ್ತಾರೆ, ಹುಡುಕುವಾಗಲೇ ಒಡೆಯುತ್ತಾರೆ. ತೊಟ್ಟಿಗೆ ದಾರ ಕಟ್ಟಿ ಪಾತ್ರೆಯ ಕಿವಿಗೆ ಬಿಗಿದು, ಹೊತ್ತಾದಾಗ ಸೇದಿಕೊಳ್ಳುತ್ತಿದ್ದವಳು ಒಬ್ಬಳೇ: ಇಸ್ಮೇಯ ತಾಯಿ. ಆಕೆ ಹೋದ ಮೇಲೆ ಇಸ್ಮೇ. ನದಿಯ ಎರಡೂ ದಡದಲ್ಲಿ ಬೇರೆ ಯಾರ ಮನೆಯಲ್ಲೂ ಆ ಪದ್ಧತಿಯಿಲ್ಲ.

ಇಷ್ಟು ಹೊತ್ತು ಬೇರು, ಕೋಲು, ಹುಲಿ ಎಲ್ಲವೂ ನಾನೇ ಎನ್ನುತ್ತಿದ್ದ ಕಥ್ಬರ್ಟ್ ಈಗ ಟೋಪಿಯನ್ನು ಮುಖದ ಮೇಲೆ ಎಳೆದುಕೊಂಡ.

ಇಸ್ಮೇ: ಅದನ್ನ ಕಟ್ಟಿದ್ದು ಯಾರು?

ಕಥ್ಬರ್ಟ್: ಯಾರೋ.

ಸುಖದೇವ್: ಅಣ್ಣ, ಇದಕ್ಕಿಂತ ಸಾಕ್ಷಿ ಬೇಕಾ? ನಾನೇ ಅನ್ನು!

ಕಥ್ಬರ್ಟ್: ನೀನು ಬಾಯಿ ಮುಚ್ಚೋ.

ಇಸ್ಮೇ: ಗೊತ್ತಾಯ್ತು ಬಿಡು. ವೆಲ್ಡಾ. ನಮ್ಮಮ್ಮನ ದಾರವನ್ನ ಅವಳಿಗೆ ಹೇಳಿಕೊಟ್ಟಿದೀಯ. ಅವಳು ಇವರಿಗೆ ಅಡುಗೆ ಮಾಡಿ ಹಾಕಿದಾಳೆ. ನಮ್ಮಮ್ಮನ ಗಂಟು ಆ ರಮ್ ಅಂಗಡಿಯವಳ ಕೈಯಲ್ಲಿ! ಸುಖದೇವಾ, ನಾಳೆ ಬೇಡ, ಈಗಲೇ ದೋಣಿ ತೆಗಿ.

ಕಥ್ಬರ್ಟ್: (ಟೋಪಿ ಕಿತ್ತೆಸೆದು) ವೆಲ್ಡಾಗೆ ಮೊಟ್ಟೆ ಬೇಯಿಸೋಕೆ ಬರಲ್ಲ ಕಣೆ! ನಾನೇ!

ಇಸ್ಮೇ: ನೀನೇ ಏನು?

ಕಥ್ಬರ್ಟ್: ನಾನೇ ಕಟ್ಟಿದ್ದು. ನಾನೇ ಅಡುಗೆಯವನು. ಸಲಹೆ ಗಿಲಹೆ ಏನೂ ಇಲ್ಲ. ಆ ಮೂವರಿಗೂ, ಕ್ಯಾಮೆರಾದವರಿಗೂ ಅನ್ನ ಬೇಯಿಸಿ ಹಾಕ್ತಿದ್ದೆ. ಸಾಕಾ?

ಟೀವಿಯಲ್ಲಿ ಸೋಪಿನ ಜಾಹೀರಾತು ಬಂದು ಹೋಯಿತು. ಇಸ್ಮೇ ಕುರ್ಚಿ ಎಳೆದು ಜೋಲಿಯ ಎದುರಿಗೇ ಕೂತಳು.

ಇಸ್ಮೇ: ಮದುವೆಯಾದ ವಾರದಲ್ಲೇ ಅನ್ನ ಸೀಯಿಸಿ ಇದ್ದಿಲು ಮಾಡಿ, ‘ಒಲೆ ಕಂಡರೆ ನನ್ನ ಕೈ ನಡುಗುತ್ತೆ’ ಅಂದವನು ಯಾರು?

ಕಥ್ಬರ್ಟ್: ಆಗ ನಡುಗ್ತಿತ್ತು.

ಇಸ್ಮೇ: ನನಗೆ ಜ್ವರ ಬಂದಾಗ ಈ ಸುಖದೇವನ ಮನೆಯಿಂದ ಗಂಜಿ ತರಿಸಿದವನು ಯಾರು?

ಕಥ್ಬರ್ಟ್: ತರಿಸಿದೆನಲ್ಲ.

ಸುಖದೇವ್: ನಮ್ಮವಳು ಉಪ್ಪು ಹಾಕೋದು ಮರೆತಿದ್ದಳು ಅಂತ ದೂರು ಬೇರೆ ಹೇಳಿದೆ.

ಇಸ್ಮೇ: ಎಲ್ಲಿ ಕಲಿತೆ ಇದನ್ನ?

ಕಥ್ಬರ್ಟ್: ಇಲ್ಲೇ. ನಿನ್ನನ್ನ ನೋಡಿ.

ಇಸ್ಮೇ: ಯಾವಾಗ ನೋಡಿದೆ? ನಾನು ಒಲೆ ಮುಂದಿದ್ದಾಗೆಲ್ಲ ನೀನು ಮುಖದ ಮೇಲೆ ಟೋಪಿ ಹಾಕ್ಕೊಂಡು ಬಿದ್ದಿರ್ತಿದ್ದೆ.

ಕಥ್ಬರ್ಟ್: ಟೋಪಿಗೆ ತೂತಿದೆ.

ಸುಖದೇವ್ ನಗಲು ಬಾಯಿ ತೆರೆದು, ಇಸ್ಮೇಯ ಕಣ್ಣು ನೋಡಿ ಮುಚ್ಚಿಕೊಂಡ.

ಇಸ್ಮೇ: ವೆಲ್ಡಾ ಮನೇಲಿದ್ದಿದ್ದರೆ ಅದು ಒಂದು ಬೇಸಿಗೆಯ ಮೋಸ. ಇದು ಮದುವೆಯಾದಾಗಿನಿಂದ ನಡೆದ ಮೋಸ.

ಸುಖದೇವ್: ಅಂದರೆ ವೆಲ್ಡಾ ಪಾರಾದಳು, ಅಣ್ಣ ಸಿಕ್ಕಿಬಿದ್ದ.

ಟೀವಿಯಲ್ಲಿ ಟಕರ್ ವಿದಾಯ ಹೇಳುತ್ತಿದ್ದ. ಬಂಗಾರ ಸಿಗಲಿಲ್ಲ, ಆದರೆ ನಮ್ಮ ಗೆಳೆತನವೇ ನಿಜವಾದ ಬಂಗಾರ ಎಂದ.

ಇಸ್ಮೇ: ಸಿಗದವರೆಲ್ಲ ಹೇಳೋದು ಅದನ್ನೇ.

ಈ ಕಾಡು ತಾಯಿಯಂತೆ ನಮ್ಮನ್ನು ಉಣಿಸಿತು ಎಂದ ಟಕರ್.

ಇಸ್ಮೇ: ಥೂ! ಕಾಡಿಗೆ ಸೌಟು ಹಿಡಿಯೋಕೆ ಬರುತ್ತಾ? ಉಂಡ ಮನೆಗೆ ಎರಡು ಬಗೆಯೋ ಜನ!

ಹೆಸರುಗಳು ಪರದೆಯ ಮೇಲೆ ಹರಿದುಹೋದವು. ಹೆಲಿಕಾಪ್ಟರ್ ಕೊಟ್ಟವರಿಗೆ, ಸೊಳ್ಳೆ ಔಷಧಿ ಕೊಟ್ಟವರಿಗೆ, ಟಕರನ ನಾಯಿಯನ್ನು ಊರಲ್ಲಿ ನೋಡಿಕೊಂಡವರಿಗೆ, ಎಲ್ಲರಿಗೂ ಕೃತಜ್ಞತೆ ಇತ್ತು. ಕಥ್ಬರ್ಟನ ಹೆಸರಿರಲಿಲ್ಲ. ಟೀವಿಯ ಮುಂದೆ ಕೂತ ಮೂವರೂ ಕೊನೆಯವರೆಗೆ ಹುಡುಕಿದರು.

ಸುಖದೇವ್: ನಾಯಿ ಕಾದವನ ಹೆಸರಿದೆ ಅಣ್ಣ. ಅನ್ನ ಹಾಕಿದವನದಿಲ್ಲ.

ಕಥ್ಬರ್ಟ್: ಇರೋದು ಬೇಡ ಬಿಡು. ಊರವರಿಗೆ ಗೊತ್ತಾದರೆ ಇನ್ನೊಂದು ಹೆಸರಿಡ್ತಾರೆ.

ಇಸ್ಮೇ: ಹೆಸರು ಬರಲಿ ಬಿಡಲಿ, ಮುಖ ಬರಲಿಲ್ಲ. ಮುಖ ಕಾಣದಿದ್ದರೆ ಹೊರಡ್ತೀನಿ ಅಂದಿದ್ದೆ. ನನ್ನ ಮಾತು ಮಾತೇ.

ಸುಖದೇವ್: ಹಾಗಾದರೆ ದೋಣಿ...?

ಇಸ್ಮೇ: ಬೆಳಗ್ಗೆ. ಹೇಳಿದ ಹೊತ್ತಿಗೆ.

ಕಥ್ಬರ್ಟ್ ಜೋಲಿಯಿಂದ ಎದ್ದ. ಊಟಕ್ಕೆ ಯಾರೂ ಕರೆಯದೆ ಅವನು ಎದ್ದದ್ದನ್ನು ಆ ಮನೆ ಕಂಡಿರಲಿಲ್ಲ. ಅಡುಗೆಮನೆಗೆ ಹೋಗಿ ಒಲೆ ಹಚ್ಚಿದ. ಕಿಟಕಿಯಾಚೆ ಕೈ ಚಾಚಿ ಗಿಡದಿಂದ ಒಂದು ಕೆಂಪು ಮೆಣಸಿನಕಾಯಿಯನ್ನು ತೊಟ್ಟು ಮುರಿಯದಂತೆ ಬಿಡಿಸಿಕೊಂಡ.

ಇಸ್ಮೇ: (ಕೂತಲ್ಲಿಂದಲೇ) ಪಾತ್ರೆ ಇಲ್ಲದೆ ತಲೆ ಮೇಲೆ ಬೇಯಿಸ್ತೀಯಾ?

ಅವನು ಮೆಣಸಿನಕಾಯಿಯನ್ನು ನೀರಲ್ಲಿ ತೊಳೆದುಕೊಂಡ.

ಸುಖದೇವ್: ಅಕ್ಕ, ಊಟ ಆದ ಮೇಲೆ ದೋಣಿ ವಿಷಯ ಮಾತಾಡಬಹುದಾ?

ಇಸ್ಮೇ: ಮೊದಲು ಉಪ್ಪು ನೋಡ್ತೀನಿ. ಆಮೇಲೆ ಮಾತು.

ಒಲೆಯ ಪಕ್ಕದ ಮೊಳೆಗೆ ಹುರಿದಾರದ ಇಡೀ ಉಂಡೆ ನೇತಾಡುತ್ತಿತ್ತು. ಕಥ್ಬರ್ಟ್ ಅದನ್ನು ನೋಡಿದ. ಇಸ್ಮೇ ಅವನು ನೋಡಿದ್ದನ್ನು ನೋಡಿದಳು. ಅವನು ಅದನ್ನು ದಾಟಿ, ಮೆಣಸಿನಕಾಯಿಯನ್ನು ಅಂಗೈಯಲ್ಲಿ ಹಿಡಿದುಕೊಂಡು ಬಾಗಿಲ ಬಳಿಗೆ ಬಂದ. ಪೆಟ್ಟಿಗೆಯ ಮುಂದೆ ಮಂಡಿಯೂರಿ ಕೂತು, ಹಲ್ಲಿನಿಂದ ಕಚ್ಚಿ, ಅದರ ಗಂಟು ಬಿಚ್ಚತೊಡಗಿದ.