ತರೀಕೆರೆಯ ಕಂಪ್ಯೂಟರು ನೆನಪಿಟ್ಟುಕೊಂಡ ಕೂದಲು

ಒಂದೇ ಕಂಪ್ಯೂಟರಿನ ಮುಂದೆ ದಿನವಿಡೀ ಬೇರೆ ಬೇರೆ ಜನ ಕೂತೆದ್ದರೆ ಏನಾದರೊಂದು ಎಡವಟ್ಟು ಆಗುತ್ತಲೇ ಇರುತ್ತದೆ. ಮೊದಮೊದಲು ನಗುತ್ತಿದ್ದೆ. ಈಗ ನಗುವುದಕ್ಕೂ ಸುಸ್ತು.

ತರೀಕೆರೆ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಸೈಬರ್ ಸೆಂಟರ್ ಇದೆ. ಸೆಂಟರ್ ಅಂದರೆ ದೊಡ್ಡದೇನಲ್ಲ. ಒಂದು ಕಂಪ್ಯೂಟರು, ಒಂದು ಪ್ರಿಂಟರು, ಒಂದು ಬೆಂಚು, ಗಾಳಿಗಿಂತ ಸದ್ದು ಜಾಸ್ತಿ ಮಾಡುವ ಒಂದು ಫ್ಯಾನು. ನಾನು ಬರೆಯುತ್ತಿರುವುದು ಇದೇ ಮೊದಲು. ಎಲ್ಲಾದರೂ ಅರ್ಥವಾಗದೆ ಹೋದೀತು ಅನ್ನುವ ಭಯಕ್ಕೆ ಎಲ್ಲವನ್ನೂ ಬಿಡಿಸಿಯೇ ಹೇಳುತ್ತೇನೆ. ಬೇಸರ ಮಾಡಿಕೊಳ್ಳಬಾರದು.

ಮೊದಲು ಕುಕೀ ಅಂದರೆ ಏನು ಅಂತ ಹೇಳಬೇಕು. ನಾವು ಯಾವುದಾದರೂ ವೆಬ್‌ಸೈಟ್ ತೆರೆದರೆ ಅದು ನಮ್ಮ ಕಂಪ್ಯೂಟರಿನಲ್ಲಿ ಒಂದು ಸಣ್ಣ ಗುರುತು ಇಟ್ಟು ಹೋಗುತ್ತದೆ. ಎಮ್ಮೆದೊಡ್ಡಿ ಕಾವಲಿನಲ್ಲಿ ಮೇಯುವ ದನಕ್ಕೆ ಗುರುತು ಹಾಕುವ ಹಾಗೆ ಅಂದುಕೊಳ್ಳಿ. ಆಮೇಲೆ ಆ ದನ ಯಾವ ಕೆರೆಗೆ ನೀರಿಗಿಳಿದರೂ ಇಂಥವರದ್ದು ಅಂತ ಗೊತ್ತಾಗುತ್ತದೆ. ಕೆಲವು ಗುರುತು ಬೇಕೇ ಬೇಕು, ಇಲ್ಲದಿದ್ದರೆ ಲಾಗಿನ್ ನಿಲ್ಲುವುದಿಲ್ಲ. ಮಿಕ್ಕವು ಜಾಹೀರಾತಿನವರದು. ಕಷ್ಟ ಏನೆಂದರೆ, ಗುರುತು ಬೀಳುವುದು ಕಂಪ್ಯೂಟರಿಗೆ. ಮುಂದೆ ಕೂತವರು ಬದಲಾದರು ಅಂತ ಅದಕ್ಕೆ ತಿಳಿಯುವುದಿಲ್ಲ.

ಹೂಂ ಅನ್ನುವ ಹುಡುಗ

ಲಕ್ಕವಳ್ಳಿ ಕಡೆ ಭದ್ರಾ ನಾಲೆಯ ಕೆಳಗೆ ಗದ್ದೆ ಮಾಡುವ ಹುಡುಗನೊಬ್ಬ ಬಂದ. ತಲೆ ಮೇಲೆ ಟೋಪಿ. ಅಂಗಡಿಯಲ್ಲಿ ಬೇರೆ ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಟೋಪಿ ತೆಗೆದ. ಒಳಗೆ ಹೆಚ್ಚೇನೂ ಇರಲಿಲ್ಲ.

"ಅಣ್ಣಾ, ಒಂದು ವಿಗ್ಗು ನೋಡ್ಬೇಕು. ಕಡೂರಲ್ಲಿ ಹೆಣ್ಣು ನೋಡೋ ಶಾಸ್ತ್ರ ಇದೆ. ಹಿಂದೆ ಎರಡು ಸಂಬಂಧ ಈ ಟೋಪಿ ತೆಗೆದ ಮೇಲೇ ಬಿಟ್ಟೋಗಿದ್ದು. ಇದೂ ಹೋದ್ರೆ ನಮ್ಮಮ್ಮ ಊಟ ಬಿಡ್ತಾಳೆ."

ವಿಗ್ಗಿನ ಅಂಗಡಿಯ ವೆಬ್‌ಸೈಟ್ ತೆಗೆದುಕೊಟ್ಟೆ. ತೆರೆದ ಕೂಡಲೇ, ನಿಮ್ಮ ಕಂಪ್ಯೂಟರಿನಲ್ಲಿ ಕುಕೀ ಇಡಬಹುದೇ ಅಂತ ಕೇಳಿತು. ಕೆಳಗೆ 'ಎಲ್ಲಕ್ಕೂ ಒಪ್ಪಿಗೆ', 'ಬೇಡ', 'ಆರಿಸಿಕೊಳ್ಳಿ' ಅಂತ ಮೂರು ಗುಂಡಿ. 'ಬೇಡ' ಒತ್ತಿದರೂ ವಿಗ್ಗು ಕಾಣುತ್ತದೆ ಕಣಪ್ಪ ಅಂತ ನಾನು ಹೇಳಿ ಮುಗಿಸುವುದರೊಳಗೆ ಅವನು 'ಎಲ್ಲಕ್ಕೂ ಒಪ್ಪಿಗೆ' ಒತ್ತಿಬಿಟ್ಟಿದ್ದ.

"ಯಾಕೋ ಮಾರಾಯ, ಓದೋದಲ್ವಾ?"

"ನಮ್ಮಮ್ಮ ಹೇಳಿದಾಳಣ್ಣ. ಮದ್ವೆ ಗೊತ್ತಾಗೋ ತನಕ ಯಾರು ಏನು ಕೇಳಿದ್ರೂ ಹೂಂ ಅನ್ಬೇಕಂತೆ."

ಟವೆಲಿನೊಳಗೂ ಕಾಣುವ ಕಣ್ಣು

ಮಾರನೆಯ ದಿನ ಬುಕ್ಕಾಂಬುಧಿ ಕಡೆಯ ಯಜಮಾನರೊಬ್ಬರು ಬಂದರು. ತೆಂಗಿನ ತೋಟದವರು. ಅವರಿಗೆ ಹತ್ತಿರದ ಅಜ್ಜಂಪುರದಲ್ಲೇ ಸೆಂಟರ್‌ಗಳಿವೆ, ಆದರೂ ಅವರು ಇಲ್ಲಿಗೆ ಬರುತ್ತಾರೆ. ಯಾಕೆಂದರೆ ಅವರ ಜಮೀನಿನ ತಕರಾರು ಇಲ್ಲಿನ ಉಪವಿಭಾಗಾಧಿಕಾರಿಗಳ ಕಚೇರಿಯಲ್ಲಿದೆ. ಕಚೇರಿಯಲ್ಲಿ ಸಾಹೇಬರಿಲ್ಲದ ದಿನ, ಅಂದರೆ ಹೆಚ್ಚುಕಮ್ಮಿ ಅವರು ಬಂದ ದಿನವೆಲ್ಲ, ನನ್ನಲ್ಲಿ ಕೂತು ಕೊಬ್ಬರಿ ಧಾರಣೆ ನೋಡುತ್ತಾರೆ.

ಧಾರಣೆಯ ಪುಟ ತೆರೆದೆ. ಪಕ್ಕದಲ್ಲಿ ಜಾಹೀರಾತು ಬಂತು. ಎಡಗಡೆ ಬೋಳು ತಲೆಯವನು ಅಳುತ್ತಿದ್ದಾನೆ. ಬಲಗಡೆ ಅವನೇ, ಎಡ ಬೈತಲೆ, ಹಣೆ ಮೇಲೊಂದು ಗುಂಗುರು, ನಗುತ್ತಿದ್ದಾನೆ. ಹುಡುಗ ನೋಡಿದ ವಿಗ್ಗು ಅದೇ.

ಯಜಮಾನರ ತಲೆಯ ಬಗ್ಗೆ ಇಲ್ಲಿಯೇ ಹೇಳಿಬಿಡುತ್ತೇನೆ. ಅದೂ ಬೋಳು.

"ಏನಪ್ಪಾ, ಈ ಮಿಷನ್ನಿಗೆ ಕಣ್ಣಿದೆಯೇನೋ?"

"ಇಲ್ಲ ಯಜಮಾನ್ರೇ, ಅದು ಬೇರೆಯವರು ನೋಡಿದ್ದು..." ಅಂದವನು ನಾಲಿಗೆ ಕಚ್ಚಿಕೊಂಡೆ. ಅಷ್ಟರಲ್ಲಿ ಅವರು ಹೆಗಲ ಮೇಲಿನ ಟವೆಲನ್ನು ತಲೆಗೆ ಬಿಗಿಯಾಗಿ ಸುತ್ತಿಕೊಂಡಿದ್ದರು. "ಬೇರೆ ಊರಿನ ಧಾರಣೆ ತೆಗಿ, ನೋಡಾನ."

ತೆಗೆದೆ. ಅದೇ ಗುಂಗುರು ಬಂತು.

"ಟವೆಲ್ ಒಳಗೂ ಕಾಣ್ತದಲ್ಲೋ ಇದಕ್ಕೆ!" ಅಂದರು.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಏಳುವಾಗ ಕೇಳಿದರು: "ಲಕ್ಕವಳ್ಳಿ ಕಡೆ ಹುಡುಗನ್ನ ಮಗಳಿಗೆ ನೋಡ್ತಿದೀವಿ ಕಣಪ್ಪ. ಅವಳು ಕಡೂರಲ್ಲಿ ಕೆಲಸದಲ್ಲಿದಾಳೆ, ಅಲ್ಲೇ ನಮ್ಮ ತಮ್ಮನ ಮನೇಲಿ ಶಾಸ್ತ್ರ." ಹುಡುಗನ ಹೆಸರು, ಗದ್ದೆಯ ಗುರುತು ಹೇಳಿದರು. "ನಿನ್ನ ಅಂಗಡಿಗೆ ಬತ್ತಾನಂತಲ್ಲ, ಹೆಂಗೆ?"

"ಬಹಳ ಒಳ್ಳೆ ಹುಡುಗ ಯಜಮಾನ್ರೇ. ಯಾವುದಕ್ಕೂ ಇಲ್ಲ ಅನ್ನಲ್ಲ" ಅಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಪಾಲುದಾರರು

ಅವರು ಮತ್ತೆ ಬಂದಾಗ ಧಾರಣೆಯ ಪುಟವೇ ಕುಕೀಗೆ ಅನುಮತಿ ಕೇಳಿತು. ಯಜಮಾನರು ಕಾಗದಪತ್ರ ಓದಿ ಪಳಗಿದವರು. ಯಾವುದಕ್ಕೂ ಸುಮ್ಮನೆ ಹೆಬ್ಬೆಟ್ಟು ಒತ್ತುವವರಲ್ಲ. 'ಆರಿಸಿಕೊಳ್ಳಿ' ಒತ್ತಿಸಿದರು. ನಾವು ಮತ್ತು ನಮ್ಮ ಪಾಲುದಾರರು ನಿಮ್ಮ ಮಾಹಿತಿ ಬಳಸುತ್ತೇವೆ ಅಂತ ಬಂತು. ಆ ಪಾಲುದಾರರು ಯಾರು ಅಂತ ತೆಗೆಸಿದರು. ಹೆಸರುಗಳು ಇಳಿಯುತ್ತಾ ಹೋದವು, ಮುಗಿಯಲೇ ಇಲ್ಲ. ನನ್ನ ಬೆರಳಿಗೆ ನೋವು ಬಂತು.

ಯಜಮಾನರು ಕನ್ನಡಕ ತೆಗೆದು ಒರೆಸಿಕೊಂಡರು. "ನಾವು ಇರೋದು ಅಣ್ಣತಮ್ಮಂದಿರು ಮೂರೇ ಜನ. ಇನ್ನೂ ಖಾತೆ ಬೇರೆ ಆಗಿಲ್ಲ, ಈ ಕಚೇರಿಗೆ ಅಲೆದೂ ಅಲೆದೂ ಚಪ್ಪಲಿ ಸವೀತು. ಇಷ್ಟು ಜನ ಇವರು ಒಟ್ಟಿಗೆ ಹೆಂಗಪ್ಪಾ ಬಾಳ್ವೆ ಮಾಡ್ತಾರೆ?"

'ಬೇಡ' ಒತ್ತಿದರು. ಆದರೂ ಪಕ್ಕದಲ್ಲಿ ಗುಂಗುರಿನವನು ನಗುತ್ತಾ ಬಂದ. ಈಗ ಬೇಡ ಅಂದರೆ ಈ ಪುಟ ಹೊಸ ಗುರುತು ಇಡುವುದಿಲ್ಲ ಅಷ್ಟೇ, ಬೇರೆ ಕಡೆ ಬಿದ್ದ ಹಳೆಯದು ಹೋಗಬೇಕಾದರೆ ನಾವೇ ಸೆಟ್ಟಿಂಗ್ಸ್‌ಗೆ ಹೋಗಿ ಅಳಿಸಬೇಕು ಅಂತ ವಿವರಿಸಿದೆ.

"ಅದೇ ಕಣಪ್ಪ," ಅಂದರು. "ಅತಿಕ್ರಮಣ ತೆರವು ಮಾಡೋದು ಎಲ್ಲಾ ಕಡೆ ಹಿಂಗೇ."

ಅಳಿಸಿದ ಮೇಲೆ

ಹುಡುಗನ ಗುಟ್ಟು ನನ್ನ ಅಂಗಡಿಯಿಂದ ಹೊರಬಿದ್ದರೆ ಸಂಬಂಧ ಮುರಿದ ಪಾಪ ನನಗೆ. ಆವತ್ತೇ ಎಲ್ಲ ಕುಕೀ ಅಳಿಸಿದೆ. ವಿಧಾನ ಸುಲಭ. ಬ್ರೌಸರಿನ ಮೂಲೆಯ ಮೂರು ಚುಕ್ಕೆ ಒತ್ತಿ, ಸೆಟ್ಟಿಂಗ್ಸ್‌ಗೆ ಹೋಗಿ, ಕುಕೀ ಅಳಿಸು ಅನ್ನುವುದನ್ನು ಒತ್ತಿದರಾಯಿತು. ಒಂದೇ ತೊಂದರೆ, ಬೇಕಾದ ಗುರುತೂ ಅದರ ಜೊತೆ ಹೋಗುತ್ತದೆ. ಹುಡುಗ ಆರಿಸಿಟ್ಟಿದ್ದ ವಿಗ್ಗು, ಬರೆದಿದ್ದ ಅಳತೆ ಎಲ್ಲಾ ಹೋಯ್ತು. ಅವನು ಬಂದ ಮೇಲೆ ನಾನೇ ಟೇಪು ಹಿಡಿದು ಮತ್ತೆ ತಲೆ ಅಳೆದು ಆರ್ಡರ್ ಹಾಕಿಸಿದೆ. ಪಾರ್ಸಲ್ ತಡವಾಗಲಿಲ್ಲ, ಬಂತು.

ಆಮೇಲೆ ಬಂದ ಯಜಮಾನರು ಪರದೆಯನ್ನು ಮೇಲಿನಿಂದ ಕೆಳಗೆ ಹುಡುಕಿದರು. ಪಕ್ಕದಲ್ಲಿ ಬರೀ ಗೊಬ್ಬರದ ಜಾಹೀರಾತು.

"ಏನಪ್ಪಾ, ಆ ಕೂದಲಿನವನು ಎಲ್ಲೋದ?"

"ಅಳಿಸಿಬಿಟ್ಟೆ ಯಜಮಾನ್ರೇ. ಇನ್ನು ಕಾಟ ಇಲ್ಲ."

"ನಿನಗ್ಯಾರು ಅಳಿಸು ಅಂದ್ರು?" ಬಾಗಿಲ ಕಡೆ ನೋಡಿ ದನಿ ಇಳಿಸಿದರು. "ನಮ್ಮೂರಲ್ಲಿ ನಾಟಕ ಆಡ್ತಾರೆ. ಬೇಕಾಗ್ತದೆ. ಆ ಅಂಗಡಿ ಹೆಸರು ಬರ್ಕೊಡು. ಮಗಳು ಭಾನುವಾರ ಮನೆಗೆ ಬತ್ತಾಳೆ, ಅವಳ ಫೋನಲ್ಲಿ ನೋಡ್ಕತೀನಿ."

ಬರೆದುಕೊಟ್ಟೆ. ಖಾಸಗಿ ಕಿಟಕಿ ಅಂತ ಒಂದಿದೆ, ಅದರಲ್ಲಿ ತೆಗೆದರೆ ಮುಚ್ಚಿದ ಕೂಡಲೇ ಗುರುತೂ ಅಳಿದು ಹೋಗುತ್ತದೆ ಅಂತಲೂ ಹೇಳಿದೆ.

"ಮನೆ ಕಿಟಕಿಗೇ ಪರದೆ ಹಾಕಿಲ್ಲ, ಇದಕ್ಯಾಕೆ ಬಿಡು" ಅಂದು ಹೊರಟರು.

ಕಡೂರಿನಲ್ಲಿ

ಧೈರ್ಯಕ್ಕೆ ಇರಲಿ ಅಂತ ಹುಡುಗ ತಾಯಿಯ ಜೊತೆ ನನ್ನನ್ನೂ ಕಡೂರಿಗೆ ಕರೆದುಕೊಂಡು ಹೋದ. ಎಡ ಬೈತಲೆ, ಹಣೆ ಮೇಲೆ ಗುಂಗುರು. ನಿಜವಾಗಿಯೂ ಚೆನ್ನಾಗಿ ಕಾಣುತ್ತಿದ್ದ.

ಯಜಮಾನರು ನಮ್ಮನ್ನು ಎದುರುಗೊಳ್ಳಲು ಬಾಗಿಲಿಗೆ ಬಂದರು. ಎಡ ಬೈತಲೆ, ಹಣೆ ಮೇಲೆ ಗುಂಗುರು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ಇಬ್ಬರೂ ನನ್ನನ್ನು ನೋಡಿದರು. ನಾನು ಚಪ್ಪಲಿ ಬಿಡುವುದರಲ್ಲಿ ಬಹಳ ಹೊತ್ತು ಕಳೆದೆ.

ಒಳಗೆ ಕೂತಿದ್ದ ಯಜಮಾನರ ತಾಯಿಗೆ ಕಣ್ಣು ಮಂಜು. ಹುಡುಗನನ್ನು ಹತ್ತಿರ ಕರೆದು ನೋಡಿ, "ಲೇ ಮಗಾ, ಹುಡುಗ ಥೇಟು ನಿನ್ನಂಗೇ ಇದಾನಲ್ಲೋ!" ಅಂದರು. ಹುಡುಗನ ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಹುಡುಗಿ ಕಾಫಿ ತಟ್ಟೆ ಹಿಡಿದು ಬಂದಳು. ಅಪ್ಪನ ತಲೆ ನೋಡಿದಳು, ಹುಡುಗನ ತಲೆ ನೋಡಿದಳು, ತಟ್ಟೆ ಕೆಳಗಿಟ್ಟಳು.

"ಅಪ್ಪಾ, ನೀವು ನನ್ನ ಫೋನಲ್ಲಿ ಆ ಅಂಗಡಿ ತೆಗೆದಾಗಿನಿಂದ ನಾನು ಏನು ನೋಡಿದ್ರೂ ಪಕ್ಕದಲ್ಲಿ ಇದೇ ಕೂದಲು. ಅಡಿಗೆ ನೋಡಿದ್ರೂ ಇದೇ, ಪಂಚಾಂಗ ನೋಡಿದ್ರೂ ಇದೇ. ಕತ್ತಲಲ್ಲಿ ಕಂಡ್ರೂ ಗುರುತು ಹಿಡೀತೀನಿ. ಬೆವರು ಇಳೀತಿದೆ, ಇಬ್ರೂ ತೆಗೆದಿಟ್ಟು ಕಾಫಿ ಕುಡೀರಿ."

ಯಜಮಾನರು ಮೆಲ್ಲಗೆ ತೆಗೆದರು. ಹುಡುಗನೂ ತೆಗೆದು ಮಡಿಲಲ್ಲಿ ಇಟ್ಟುಕೊಂಡ. ಮೂರನೆಯ ಸಂಬಂಧವೂ ಹೋಯ್ತು ಅಂತ ಅವನ ಮುಖದಲ್ಲೇ ಬರೆದಿತ್ತು. ನನ್ನ ಮುಖದಲ್ಲೂ ಇದ್ದಿರಬೇಕು.

ಹುಡುಗಿ ಅವನ ಕೈಗೆ ಲೋಟ ಕೊಡುತ್ತಾ ಕೇಳಿದಳು: "ಇನ್ನೇನಾದ್ರೂ ಮುಚ್ಚಿಟ್ಟಿದೀರೇನು?"

ಹುಡುಗ ಒಮ್ಮೆ ತಾಯಿಯ ಕಡೆ ನೋಡಿದ.

"ಹೂಂ" ಅಂದ.

ಅವನ ತಾಯಿ ಹಣೆ ಚಚ್ಚಿಕೊಂಡರು. ಮೊದಲು ನಕ್ಕಿದ್ದು ಹುಡುಗಿ. ಆ ನಗು ನಿಲ್ಲುವ ಹೊತ್ತಿಗೆ ಯಜಮಾನರು ಒಳಗೆ ಕೂಗಿ ಹೇಳಿದ್ದರು, ತಾಂಬೂಲದ ತಟ್ಟೆ ತರುವುದಕ್ಕೆ.