ಗಾಳಿ ತೆಗೆಯುವ ಮಷಿನ್ನು ಮತ್ತು ನೀಲಕ್ಕನ ಒಗ್ಗರಣೆ

ನನಗೆ ಸಕ್ಕರೆ ಕಾಯಿಲೆ ಇದೆ, ಮಂಡಿನೋವಿದೆ. ಆದರೆ ನನ್ನ ತೀರ್ಮಾನಗಳ ಬಗ್ಗೆ ಸಂಶಯ ಎಂಬ ಕಾಯಿಲೆ ಮಾತ್ರ ಇದುವರೆಗೆ ಬಂದಿಲ್ಲ. ತಪ್ಪು ಮಾಡುವುದಿದ್ದರೂ ನಾಲ್ಕು ಜನರಿಗೆ ಹೇಳಿಯೇ ಮಾಡಿದವನು ನಾನು. ಎಂಬತ್ತರ ದಶಕದಲ್ಲಿ ಶಿಗ್ಗಾಂವದ ಹೆದ್ದಾರಿಯ ಮಗ್ಗುಲಲ್ಲಿ ಖಾನಾವಳಿ ನಡೆಸುತ್ತಿದ್ದಾಗ, ಚೀಲದಿಂದ ಗಾಳಿ ಹೀರಿ ಅದರ ಬಾಯಿ ಬೆಸೆಯುವ ಮಷಿನ್ನೊಂದನ್ನು ತಂದದ್ದೂ ಹೀಗೆಯೇ. ಮುಂಬಯಿಯ ಯಾವುದೋ ದೊಡ್ಡ ಹೋಟೆಲಿನ ಅಡಿಗೆಮನೆಯಲ್ಲಿ ದುಡಿದು ನಿವೃತ್ತವಾಗಿ ಅದು ಹುಬ್ಬಳ್ಳಿಯ ಹಳೆ ಸಾಮಾನಿನ ಅಂಗಡಿ ಸೇರಿತ್ತು. ಅಂಗಡಿಯವನು ತನ್ನ ಬುತ್ತಿಯ ಪಲ್ಯವನ್ನೇ ಪ್ಲಾಸ್ಟಿಕ್ ಚೀಲಕ್ಕೆ ಸುರಿದು, ಮುಚ್ಚಳ ಇಳಿಸಿ ಗುಂಡಿ ಒತ್ತಿದ. ಗುರ್ ಎಂದಿತು. ಚೀಲ ಪಲ್ಯಕ್ಕೆ ಅಂಟಿಕೊಂಡು ಇಟ್ಟಿಗೆಯಂತೆ ಗಟ್ಟಿಯಾಗಿ ಹೊರಬಂತು. ನಾನು ಅಲ್ಲೇ ಸೋತೆ.

ನಮ್ಮ ಅಡಿಗೆಯ ನೀಲಕ್ಕ ಮಾಸೂರಿನವಳು. ಹದಿನೈದು ವರ್ಷದಿಂದ ಒಲೆಯ ಆಡಳಿತ ಅವಳದೇ. ಮಷಿನ್ನನ್ನು ಒಂದು ಸುತ್ತು ಹಾಕಿ ನೋಡಿ, "ಇದು ಏನ ಮಾಡತೈತ್ರಿ ಸಾವಕಾರ್ರ?" ಎಂದಳು.

"ಗಾಳಿ ತಗೀತೈತಿ. ವಾರಕ್ಕ ಎರಡ ಸಲ ಅಡಗಿ ಮಾಡಿ, ಚೀಲಾ ಮುಚ್ಚಿ ಫ್ರಿಜ್ಜಿನಾಗ ಇಟ್ರಾತು. ಗಿರಾಕಿ ಬಂದಾಗ ಬಿಸಿನೀರಾಗ ಹಾಕೂದು, ಕತ್ತರಿಸಿ ಬಡಸೂದು."

"ವಾಸನಿ?"

"ಒಂಚೂರೂ ಹೊರಗ ಹೋಗೂದಿಲ್ಲ," ಎಂದೆ ಹೆಮ್ಮೆಯಿಂದ. ನೀಲಕ್ಕ ಬೆಳ್ಳುಳ್ಳಿಯ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ಅಂದಿನಿಂದ ಎಣ್ಣೆಗಾಯಿ, ಝುಣಕ, ಕಾಳುಪಲ್ಯ ಎಲ್ಲ ಚೀಲದೊಳಗೆ ಶಿಸ್ತಾಗಿ ಮಲಗಿದವು. ಕಡಕ್ ರೊಟ್ಟಿಯನ್ನೂ ಮುಚ್ಚಿ ನೋಡಿದೆ. ಪುಡಿಯಾಗಿ ಹೊರಬಂತು, ಆ ವಿಷಯವನ್ನು ಬೆಳೆಸುವುದು ಬೇಡ. ನಮ್ಮ ಖಾನಾವಳಿ ಬದುಕಿದ್ದದ್ದು ಎದುರಿಗೆ ನಿಲ್ಲುತ್ತಿದ್ದ ಮಧ್ಯಾಹ್ನದ ಮೂರು ಬಸ್ಸುಗಳಿಂದ. ಅವುಗಳ ಜನ ಒಳಗೆ ಬಂದರೆ ಖಾನಾವಳಿ, ಬಾರದಿದ್ದರೆ ಬರೀ ಬೆಂಚು. ಜನ ಎಂದಿನಂತೆ ಬರುತ್ತಲೇ ಇದ್ದರು. ಹಾನಗಲ್ಲಿನ ಬೀಗರಿಗೆ, ಸವಣೂರಿನ ಎಲೆ ವ್ಯಾಪಾರಿಗೆ, "ಎಲ್ಲಾ ಮಷೀನಿನ ಪ್ರತಾಪ" ಎಂದು ಹೇಳಿದ್ದೇ ಹೇಳಿದ್ದು. ಒಂದೇ ಒಂದು ಕಿರಿಕಿರಿ. ಹೊರಗೆ ಬಸ್ಸಿನ ಬ್ರೇಕು ಕಿರುಗುಟ್ಟಿದ ಕೂಡಲೆ ನೀಲಕ್ಕ ಕಿಟಕಿಯ ಬದಿಯ ಒಲೆಯ ಮೇಲೆ ಒಂದು ಸೌಟು ಎಣ್ಣೆ ಕಾಯಿಸಿ, ಜಜ್ಜಿದ ಬೆಳ್ಳುಳ್ಳಿ, ಕರಿಬೇವು, ಒಣಮೆಣಸಿನಕಾಯಿ ಹಾಕಿ ಚೊಂಯ್ ಎನಿಸುತ್ತಿದ್ದಳು.

"ಅಡಗಿ ಎಲ್ಲಾ ಆಗೇತಿ, ಎಣ್ಣಿ ಯಾಕ ಹಾಳ ಮಾಡ್ತಿ?" ಎಂದರೆ, "ಕೈ ಸುಮ್ನ ಕುಂಡ್ರೂದಿಲ್ರಿ" ಎನ್ನುತ್ತಿದ್ದಳು. ಮುದುಕಿಯ ಚಟ ಎಂದು ಬಿಟ್ಟೆ.

ತಮ್ಮನ ಮಗಳ ಬಾಣಂತನಕ್ಕೆಂದು ಅವಳು ಮಾಸೂರಿಗೆ ಹೊರಟಾಗ, "ತಿಂಗಳ ಇದ್ದು ಬಾ, ಫ್ರಿಜ್ಜಿನ ತುಂಬ ಚೀಲಾ ಅದಾವು, ಮಷೀನ ಐತಿ" ಎಂದು ದೊಡ್ಡ ಮನಸ್ಸು ಮಾಡಿದೆ. ಮರುದಿನ ಮೊದಲ ಬಸ್ಸಿನ ಜನ ಇಳಿದು, ಅತ್ತಿತ್ತ ನೋಡಿ, ಆಚೆಯ ಚಹಾದಂಗಡಿಗೆ ನಡೆದರು. ಎರಡನೆಯದರವರೂ ಹಾಗೆಯೇ. ಮೂರನೆಯದರವರಂತೂ ಇಳಿಯಲೇ ಇಲ್ಲ. ನಾಲ್ಕನೆಯ ದಿನ ಕಂಡಕ್ಟರು ಬಾಗಿಲಲ್ಲಿ ತಲೆ ತೂರಿಸಿದ.

"ಯಾಕ್ರೀ, ಒಲಿ ಹಚ್ಚೂದು ಬಿಟ್ಟೀರೇನು? ವಾಸನೀನ ಇಲ್ಲ. ಖಾನಾವಳಿ ಬಂದ್ ಆಗೇತಿ ಅಂತ ಮಂದಿ ತಿಳ್ಕೊಳ್ಳಾಕತ್ತಾರ. ಹಿಂಗಾದ್ರ ನಾವು ಬಂಕಾಪುರದಾಗ ನಿಲ್ಲಸ್ತೇವಿ ನೋಡ್ರಿ."

ಒಗ್ಗರಣೆ ಏನು ಮಹಾ ಎಂದು ಮರುದಿನ ನಾನೇ ಸೌಟು ಹಿಡಿದೆ. ಬೆಳ್ಳುಳ್ಳಿ ಇದ್ದಿಲಾಯಿತು. ಇಳಿದ ಜನ ಟವೆಲ್ಲಿನಿಂದ ಮೂಗು ಮುಚ್ಚಿಕೊಂಡು ಮತ್ತೆ ಬಸ್ಸು ಹತ್ತಿದರು. ಅಂದೇ ಹಿರೇಕೆರೂರಿನ ಬಸ್ಸು ಹಿಡಿದು ಮಾಸೂರಿಗೆ ಹೋದೆ.

ಅಂಗಳದಲ್ಲಿ ಕೂಸಿಗೆ ಎಣ್ಣೆ ಹಚ್ಚುತ್ತಿದ್ದ ನೀಲಕ್ಕ ತಲೆಯೆತ್ತಿ, "ಮಷೀನ ಕೆಟ್ಟಿತೇನ್ರಿ ಸಾವಕಾರ್ರ?" ಎಂದಳು. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಅವಕಾಶ ಸಿಗುತ್ತಿರಲಿಲ್ಲ.

"ಹೂಂ, ಕೆಟ್ಟೈತಿ," ಎಂದೆ.

"ರಿಪೇರಿ ಮಾಡಸ್ರಿ. ಅದು ಇದ್ರನ ನನಗ ಒಗ್ಗರಣಿ ಹಾಕಾಕ ಪುರಸೊತ್ತ ಸಿಗತೈತಿ," ಎಂದು, ನನ್ನ ಮುಖ ನೋಡದೆ, ಬಟ್ಟೆಯ ಗಂಟು ಕಟ್ಟಿಕೊಳ್ಳಲು ಒಳಗೆ ಹೋದಳು. ಅವಳಿಗೆ ಎಲ್ಲ ಗೊತ್ತಿತ್ತು ಎಂದು ಆಗ ತಿಳಿಯಿತು. ನಾಚಿಕೆಯಾಯಿತು, ಬಸ್ಸು ಶಿಗ್ಗಾಂವ ಮುಟ್ಟುವವರೆಗೂ ಇತ್ತು.

ಮರುದಿನ ಬ್ರೇಕು ಕಿರುಗುಟ್ಟಿತು, ಒಳಗೆ ಚೊಂಯ್ ಎಂದಿತು, ಬೆಂಚು ತುಂಬಿತು. ಊಟ ಮುಗಿಸಿ ಕೈ ತೊಳೆಯುತ್ತಿದ್ದ ಹೊಸ ಗಿರಾಕಿಯೊಬ್ಬರು ಮೂಲೆಯ ಮಷಿನ್ನನ್ನು ತೋರಿಸಿ ಇದೇನೆಂದು ಕೇಳಿದರು. ನಾನು ಗಂಟಲು ಸರಿಮಾಡಿಕೊಂಡು, "ನೀವು ಇವತ್ತ ಇಲ್ಲಿ ಊಟಕ್ಕ ಬಂದದ್ದು ಇದರಿಂದನ ನೋಡ್ರಿ," ಎಂದೆ. ಒಳಗೆ ನೀಲಕ್ಕ ಕೆಮ್ಮಿದಳು. ಒಗ್ಗರಣೆಯ ಘಾಟಿಗಿರಬೇಕು.