ವೈನಿಯ ಗುಣಾಕಾರ

ಲೆಕ್ಕ ಓದಿ ಹೇಳಿದ ಕೂಡಲೆ ವೈನಿ ಪೆನ್ಸಿಲ್ ಹಿಡಿಯುತ್ತಿರಲಿಲ್ಲ. ತುಂಬಿದ ಕೊಡ ಎತ್ತುವವರ ಹಾಗೆ ಮೊದಲು ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಗಿಸುತ್ತಿದ್ದರು. ಆಮೇಲೆ ಬರುವ ಉತ್ತರಕ್ಕೆ ನಾನು ಮನಸ್ಸು ಗಟ್ಟಿ ಮಾಡಿಕೊಳ್ಳಬೇಕಿತ್ತು. ವಾರಕ್ಕೊಂದಾದರೂ ಅಂಥ ಉತ್ತರ ಬರದೆ ಇರುತ್ತಿರಲಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ತಂದೆಗೆ ಇಳಕಲ್ಲಿಗೆ ವರ್ಗವಾಗಿತ್ತು. ನಾನು ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಕಲಿತವಳು, ಮಾತು ಕಡಿಮೆ. ವೈನಿ ನಮ್ಮ ಓಣಿಯವರು; ಅತ್ತಿಗೆ ಎಂಬ ಅರ್ಥದಲ್ಲಿ ಓಣಿಯೆಲ್ಲ ಅವರನ್ನು ವೈನಿ ಎಂದೇ ಕರೆಯುತ್ತಿತ್ತು. ನೇಕಾರರ ಮನೆಗಳಿಗೆ ನೂಲು ಸುತ್ತಿ ಕೊಡುತ್ತಿದ್ದರು. ಗಂಡನ ಕಣ್ಣು ಮಂಜಾಗಿ ಮನೆಯ ಮಗ್ಗ ನಿಂತಿತ್ತು. ಓಣಿಯ ಬಾಲವಾಡಿಯಲ್ಲಿ ಒಂದು ಕೆಲಸ ಖಾಲಿಯಿತ್ತು, ಆದರೆ ಏಳನೇ ಇಯತ್ತೆ ಪಾಸಾಗಿರಬೇಕು. ವೈನಿ ಹೊರಗಿನಿಂದ ಆ ಪರೀಕ್ಷೆಗೆ ಕಟ್ಟಿದ್ದರು. ಉಳಿದ ವಿಷಯಗಳನ್ನು ಹೇಗೋ ದಾಟುತ್ತಿದ್ದರು. ಗಣಿತದಲ್ಲಿ ನಪಾಸಾದರೆ ಆ ಜಾಗ ಬೇರೆಯವರಿಗೆ. ಹಾಗಾಗಿ ದಿನಾ ಮಧ್ಯಾಹ್ನ ಅವರ ಮನೆಯ ಪಡಸಾಲೆಯಲ್ಲಿ ನಮ್ಮ ಪಾಠ. ಕಲಿಸುವವಳೆಂದು ನನ್ನನ್ನು ಅವರು ಅಕ್ಕೋರು ಎನ್ನುತ್ತಿದ್ದರು.

ರೊಟ್ಟಿ ಬುಟ್ಟಿ

ಒಬ್ಬರಿಗೆ ಮೂರು ರೊಟ್ಟಿಯಂತೆ ಎಂಟು ಜನರಿಗೆ ಎಷ್ಟು ರೊಟ್ಟಿ ಬೇಕು?

"ಇಪ್ಪತ್ತಾರು," ಅಂದರು ವೈನಿ.

"ಮೂರೆಂಟ್ಲೆ ಇಪ್ಪತ್ನಾಲ್ಕಲ್ಲೇನ್ರಿ?"

"ಅದು ತಿನ್ನಾಕ ಆತು. ಬುಟ್ಯಾಗ ಎರಡು ಬಿಡಬ್ಯಾಡೇನ್ರಿ ಅಕ್ಕೋರ? ಬುಟ್ಟಿ ಬರಿದು ಮಾಡೂ ಮನಿ ಅದ್ಯಾವ ಮನಿರಿ? ಹೊತ್ತಲ್ಲದ ಹೊತ್ತಿನ್ಯಾಗ ಜಂಗಮರು ಬಂದ್ರ ಏನ್ ನೀಡೋದು?"

"ಪುಸ್ತಕದಾಗ ಜಂಗಮರು ಬರೂದಿಲ್ರಿ ವೈನಿ," ಎಂದೆ ಮೆಲ್ಲಗೆ.

ವೈನಿ ಆ ಪುಟವನ್ನು ಮರುಕದಿಂದ ನೋಡಿದರು. "ಇಂಥಾ ಮನಿಗೆ ಎಲ್ಲಿಂದ ಬಂದಾರು ಬಿಡ್ರಿ."

ಆರು ಸೀರೆ

ತಿಳಿದ ಕೆಲಸದ್ದೇ ಲೆಕ್ಕ ಕೊಟ್ಟರೆ ತಪ್ಪಲಿಕ್ಕಿಲ್ಲ ಎಂದು ನಾನೇ ಒಂದು ಕಟ್ಟಿದೆ. ಒಂದು ಸೀರೆ ನೇಯಲು ಐದು ದಿನ. ಆರು ಸೀರೆಗೆ?

"ಮೂವತ್ತೊಂದು. ನಡುವ ಅಮಾಸಿ ಬರ್ತದಲ್ರಿ. ಅವತ್ತ ಮಗ್ಗಕ್ಕ ಯಾರ್ ಕೂಡ್ತಾರ?"

ಒಳಗಿನಿಂದ ಗಂಡನ ದನಿ ಬಂತು. "ಮೂವತ್ತೊಂದು ಹ್ಯಾಂಗ? ಮೂವತ್ನಾಕು ಅನ್ನು. ಸೆರಗಿನ ಎಳಿಗೆ ಸೀರಿ ಮೈಯೆಳಿ ಒಂದೊಂದ ಜೋಡಸೂದು ನಿಮ್ಮಪ್ಪ ಬಂದು ಮಾಡ್ತಾನೇನು?"

"ನಮ್ಮಪ್ಪನ ಸುದ್ದಿ ಯಾಕ? ಅದಕ್ಕ ಮೂರು ದಿನ ಹಿಡೀತದೇನು? ಕೈ ಅದಾವೋ ಕಟಗಿ ಅದಾವೋ?"

ನಾನು ನಡುವೆ ಮೂವತ್ತು ಎಂದು ಎರಡು ಸಲ ಹೇಳಿದೆ, ಇಬ್ಬರೂ ಕೇಳಿಸಿಕೊಳ್ಳಲಿಲ್ಲ. ಅರ್ಧ ತಾಸಿನ ಮೇಲೆ ಮೂವತ್ತೆರಡಕ್ಕೆ ರಾಜಿಯಾಯಿತು. "ಬರಕೋರಿ ಅಕ್ಕೋರ," ಅಂದರು ವೈನಿ. ಮಗ್ಗ ನಿಂತ ಮೇಲೆ ಆ ಮನುಷ್ಯ ಅಷ್ಟು ಮಾತಾಡಿದ್ದು ಅವತ್ತೇ ಅಂತೆ. ನಾನು ಮೂವತ್ತೆರಡು ಎಂದೇ ಬರೆದುಕೊಂಡೆ.

ನನ್ನ ಪಾಳಿ

ಒಂದು ದಿನ ವೈನಿಯ ಅತ್ತೆ ಹತ್ತಿ ಬಿಡಿಸುತ್ತ ನನ್ನನ್ನೇ ಕೇಳಿದರು: "ಹದಿನಾರೇಳ್ಲೆ ಎಷ್ಟವಾ?"

ನನಗೆ ಮಗ್ಗಿ ಬರುವುದು ಇಂಗ್ಲಿಷಿನಲ್ಲಿ ಮಾತ್ರ, ಅದೂ ಮೊದಲಿನಿಂದ. ಕಣ್ಣು ಮುಚ್ಚಿ, "ಸಿಕ್ಸ್‌ಟೀನ್ ಒನ್ಸಾರ್ ಸಿಕ್ಸ್‌ಟೀನ್" ಎಂದು ಗುಣುಗುಡುತ್ತ ಹೊರಟೆ. ಕಣ್ಣು ತೆರೆದು "ನೂರಾ ಹನ್ನೆರಡು" ಎಂದಾಗ ಮುದುಕಿ ಕೈಮುಗಿದು ಕೂತಿದ್ದರು.

"ಪಾಪ," ಎಂದರು ಸೊಸೆಗೆ. "ಮಂತ್ರ ಹಾಕಿದ್ರನ ಬರ್ತದ ಇವರಿಗೆ."

ಹುನಗುಂದದ ಪರೀಕ್ಷೆ

ಬಸ್ಸಿನಲ್ಲಿ ವೈನಿಯಿಂದ ಮಾತು ತೆಗೆದುಕೊಂಡೆ. "ಲೆಕ್ಕದಾಗ ಇದ್ದಷ್ಟೇ ಮಂದಿ. ನೀವು ಹೊಸಬರನ್ನ ಕರಕೊಂಡು ಬರಬ್ಯಾಡ್ರಿ."

"ಇಲ್ರಿ, ನಿಮ್ಮಾಣಿ," ಎಂದರು.

ಹೊರಗೆ ಬೇವಿನ ಗಿಡದ ಕೆಳಗೆ ನಿಂತು ಕಾದೆ. ಗಂಟೆ ಹೊಡೆದ ಮೇಲೆ ಬಂದರು. ಒಂದೊಂದೇ ಉತ್ತರ ಕೇಳಿ ಅಂಕ ಕೂಡಿಸುತ್ತ ಹೋದೆ. ಕೊನೆಯ ಲೆಕ್ಕ ಸರಿಯಾಗಿದ್ದರೆ ಪಾಸು, ಇಲ್ಲದಿದ್ದರೆ ಎರಡು ಅಂಕ ಕಡಿಮೆ.

"ಮದುವಿ ಮನ್ಯಾಗ ಸಾಲಿಗೆ ಒಂಬತ್ತು ಮಂದಿ ಹಂಗ ಆರು ಸಾಲು. ಒಟ್ಟು ಎಷ್ಟು ಮಂದಿ ಉಂಡ್ರು ಅಂತ ಕೇಳಿದ್ರರಿ. ಐವತ್ನಾಕು ಅಂತ ಬರದೆ."

ನನ್ನ ಎದೆ ಹಗುರಾಯಿತು. ವೈನಿ ಮಾತು ಮುಗಿಸಿರಲಿಲ್ಲ.

"ಗಂಟಿ ಹೊಡಿಯೂ ಹೊತ್ತಿಗೆ ನೆನಪಾತ್ರಿ, ನೀಡಿದವರನ್ನ ಯಾರೂ ಹಿಡದಿಲ್ಲ. ನಾನೂ ಎಷ್ಟು ಮದುವಿಯಾಗ ನಿಂತು ನೀಡೇನಿ. ಮುಂಜಾನಿಂದ ಹೊಗಿಯಾಗ ನಿಂತವರು ಉಣ್ಣಬ್ಯಾಡೇನ್ರಿ? ನಾಕು ಮಂದಿ ಕೂಡಿಸಿ ಐವತ್ತೆಂಟು ಮಾಡಿ ಬಂದೆ."

ಆ ಎರಡು ಅಂಕ ಹೋದವೆಂದು ಹೇಳಿದೆ. ವೈನಿಯ ಮುಖ ಬಿಳಿಚಿತು. ಒಳಗೆ ಪರೀಕ್ಷೆ ನಡೆಸಿದ ಸಾಹೇಬರು ಉತ್ತರ ಪತ್ರಿಕೆಗಳನ್ನು ದಾರದಿಂದ ಕಟ್ಟುತ್ತಿದ್ದರು. ವೈನಿ ನನ್ನ ಕೈ ಹಿಡಿದುಕೊಂಡರು.

"ಅಕ್ಕೋರ, ನಿಮಗ ಇಂಗ್ಲಿಷ್ ಬರ್ತದ. ಒಳಗ ಹೋಗಿ ಆ ಸಾಹೇಬರನ್ನ ಒಂದ ಮಾತು ಕೇಳಿ ಬರ್ರಿ, ಅವರ ಮದುವಿಯಾಗ ನೀಡಿದವರು ಉಪಾಸ ಮನಿಗೆ ಹೋದ್ರೇನು ಅಂತ."